ಎರಕಕ್ಕೆಂದೇ ಒಂದು ವಿಭಾಗ ಏಕೆ ಬೇಕು?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ನಮಗೆ ಎರಕ ಎಂದರೆ ಒಂದು ಪತ್ರಿಕೆಯ ಎರಡು ಅಧ್ಯಾಯ, ಜೊತೆಗೆ ವರ್ಕ್‌ಶಾಪ್‌ನಲ್ಲಿ ಮರಳು ದಮ್ಮಸ್ಸು ಮಾಡುವ ಒಂದೆರಡು ತರಗತಿ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಫೌಂಡ್ರಿ ಎಂಜಿನಿಯರಿಂಗ್‌ಗೆಂದೇ ಇಡೀ ವಿಭಾಗ ಇದೆಯಂತೆ. ಅದು ಹೇಗೆ ಹುಟ್ಟಿತು? ವರ್ಷಗಟ್ಟಲೆ ಕಲಿಯುವಂಥದ್ದು ಅಲ್ಲೇನಿದೆ? ಸಿಮ್ಯುಲೇಷನ್ ಸಾಫ್ಟ್‌ವೇರ್ ಬಂದ ಮೇಲೂ ಅದು ಬೇಕೆ?

ಉತ್ತರ: ಎರಕವೊಂದನ್ನು ಕೊಯ್ದಾಗ ಒಳಗೆ ತೂತು ಕಂಡಿತು ಎಂದುಕೊಳ್ಳಿ. ಮರಳಿನಲ್ಲಿ ತೇವ ಹೆಚ್ಚಿತ್ತೆ? ಎರಕದೊಳಗೆ ಟೊಳ್ಳು ಬಿಡಲು ಅಚ್ಚಿನಲ್ಲಿಡುವ ಮರಳಿನ ತುಂಡಿನ, ಅಂದರೆ ಕೋರ್‌ನ, ರಾಳ ಸುಟ್ಟು ಅನಿಲ ಹೊಮ್ಮಿತೆ? ಕರಗಿದ ಲೋಹವೇ ಅನಿಲ ಹೀರಿಕೊಂಡಿತ್ತೆ? ಎರಕ ಕುಗ್ಗುವಾಗ ಲೋಹ ಪೂರೈಸುವ ಹೆಚ್ಚುವರಿ ಭಾಗ, ಅಂದರೆ ರೈಸರ್, ಸಾಲದೆ ಹೋಯಿತೆ? ಸುರಿಯುವಾಗ ಗಾಳಿ ಸೇರಿಕೊಂಡಿತೆ? ಮೊದಲನೆಯದು ಜೇಡಿಯ ರಸಾಯನಶಾಸ್ತ್ರಕ್ಕೆ ಸೇರಿದ್ದು, ಎರಡನೆಯದು ಪಾಲಿಮರ್‌ಗಳಿಗೆ, ಮೂರನೆಯದು ಲೋಹಶಾಸ್ತ್ರಕ್ಕೆ, ನಾಲ್ಕನೆಯದು ಶಾಖವಹನಕ್ಕೆ, ಐದನೆಯದು ದ್ರವಚಲನೆಗೆ. ಕೊನೆಯ ಎರಡನ್ನು ಮೆಕ್ಯಾನಿಕಲ್‌ನವರು ಓದುತ್ತಾರೆ, ಮೂರನೆಯದನ್ನು ಮೆಟಲರ್ಜಿಯವರು. ಮೊದಲೆರಡನ್ನು ಸಾಮಾನ್ಯವಾಗಿ ಯಾರಿಗೂ ಕಲಿಸುವುದಿಲ್ಲ. ತೂತು ಮಾತ್ರ ಒಂದೇ. ಈ ಐದನ್ನೂ ಒಂದೇ ಎರಕದ ಮೇಲೆ ಒಟ್ಟಿಗೆ ಅಳೆದು ನೋಡಬಲ್ಲ ಜಾಗ ಬೇಕು ಎನ್ನುವುದೇ ಪ್ರತ್ಯೇಕ ವಿಭಾಗಕ್ಕಿರುವ ಗಟ್ಟಿ ಕಾರಣ.

ಹುಟ್ಟಿದ ಬಗೆ

ಎರಕದ ಕಸುಬಿಗೆ ಸಾವಿರಾರು ವರ್ಷಗಳಾದರೂ ಅದು ತರಗತಿಗೆ ಬಂದದ್ದು ತೀರ ಈಚೆಗೆ, ಅದೂ ಗಣಿ ಶಾಲೆಗಳ ಬಾಗಿಲಿನಿಂದ. ಜರ್ಮನಿಯ ಫ್ರೈಬರ್ಗ್‌ನಲ್ಲಿ 1765ರಲ್ಲಿ ಗಣಿ ಅಕಾಡೆಮಿ ಆರಂಭವಾಯಿತು. 19ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಕಬ್ಬಿಣದ ಲೋಹಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಡಾಲ್ಫ್ ಲೆಡೆಬುರ್ ಅವರ ಹೆಸರನ್ನು ನೀವು ಬೇರೆ ಕಡೆ ಓದಿರುತ್ತೀರಿ. ಬಿಳಿ ಬೀಡುಕಬ್ಬಿಣದಲ್ಲಿ ಕಾಣುವ ಲೆಡೆಬ್ಯುರೈಟ್ ಎಂಬ ರಚನೆಗೆ ಅವರದೇ ಹೆಸರು. ಸುಮಾರು ಅದೇ ಕಾಲಕ್ಕೆ, 1860ರ ದಶಕದಲ್ಲಿ, ಶೆಫೀಲ್ಡ್‌ನ ಹೆನ್ರಿ ಸಾರ್ಬಿ ಉಕ್ಕನ್ನು ನುಣುಪಾಗಿ ಉಜ್ಜಿ, ಆಮ್ಲದಿಂದ ಕೆರೆದು ಸೂಕ್ಷ್ಮದರ್ಶಕದಡಿ ನೋಡಿದ್ದರು. ಬೀಡಿನ ತುಂಡನ್ನು ಮುರಿದು, ಮುರಿದ ಮುಖದ ಬಣ್ಣ ನೋಡಿ ಗುಣ ಹೇಳುತ್ತಿದ್ದ ಕಾಲ ಅಲ್ಲಿಂದ ಮುಂದೆ ಮೆಲ್ಲಗೆ ಹಿಂದೆ ಸರಿಯಿತು.

ಲೋಹದ ಮಾತು ಹೀಗಾದರೆ ಮರಳು ಇನ್ನೂ ಅರ್ಧ ಶತಮಾನ ಮೇಸ್ತ್ರಿಯ ಮುಷ್ಟಿಯಲ್ಲೇ ಉಳಿಯಿತು. ಹಿಡಿ ಮರಳನ್ನು ಅದುಮಿ, ಬೆರಳಚ್ಚು ನಿಂತರೆ ಸರಿ, ಮುರಿದಾಗ ಅಂಚು ಉದುರದಿದ್ದರೆ ಸರಿ. 1896ರಲ್ಲಿ ಸ್ಥಾಪನೆಯಾದ ಅಮೆರಿಕದ ಫೌಂಡ್ರಿ ಸಂಘ 1920ರ ದಶಕದಲ್ಲಿ ಮರಳಿನ ಪರೀಕ್ಷೆಗಳನ್ನು ಪ್ರಮಾಣಬದ್ಧಗೊಳಿಸುವ ಕೆಲಸಕ್ಕೆ ಕೈಹಾಕಿತು. ಇವತ್ತಿಗೂ ಬಹುತೇಕ ಪ್ರಯೋಗಾಲಯಗಳಲ್ಲಿ ನಡೆಯುವುದು ಆ ಪರೀಕ್ಷೆಗಳೇ. ಫೌಂಡ್ರಿ ವಿಭಾಗಗಳಿಗೆ ತಮ್ಮದೇ ಆದ ವಿಷಯ ಸಿಕ್ಕಿದ್ದು ಲೋಹದಿಂದಲ್ಲ, ಮರಳಿನಿಂದ ಎಂದು ಹೇಳಿದರೆ ಕೆಲವರು ಒಪ್ಪಲಿಕ್ಕಿಲ್ಲ. ನನ್ನ ಮಟ್ಟಿಗೆ ಅದು ನಿಜ. ಲೋಹವನ್ನು ಕಲಿಸಲು ಮೊದಲೇ ಜನ ಇದ್ದರು, ಅಚ್ಚನ್ನು ಕಲಿಸುವವರು ಇರಲಿಲ್ಲ.

ಎರಡನೇ ಮಹಾಯುದ್ಧದ ನಂತರ ವಿಭಾಗಗಳ ನಿಜವಾದ ಬೆಳವಣಿಗೆ. ಟ್ಯಾಂಕ್, ಟ್ರ್ಯಾಕ್ಟರ್, ಪಂಪು, ಲೇತು ಎಲ್ಲಕ್ಕೂ ಎರಕ ಬೇಕಿತ್ತು, ಎರಕ ಬಲ್ಲ ಎಂಜಿನಿಯರುಗಳು ಸಾಲದಾಗಿದ್ದರು. ಅಮೆರಿಕದಲ್ಲಿ 1947ರಲ್ಲಿ ಫೌಂಡ್ರಿ ಶಿಕ್ಷಣ ಪ್ರತಿಷ್ಠಾನ ಹುಟ್ಟಿತು. ಅದು ಹೊಸ ವಿಭಾಗ ಕಟ್ಟುವ ಬದಲು ಇರುವ ಕಾಲೇಜುಗಳಲ್ಲಿ ಈ ವಿಷಯಕ್ಕೆ ಬೆಂಬಲ ಕೊಟ್ಟಿತು. ಪೋಲೆಂಡ್ ಬೇರೆ ದಾರಿ ಹಿಡಿಯಿತು. 1919ರಲ್ಲಿ ಆರಂಭವಾಗಿದ್ದ ಕ್ರಾಕೋವ್‌ನ ಗಣಿ ಅಕಾಡೆಮಿಯಲ್ಲಿ 1951ರಲ್ಲಿ ಎರಕ ವಿಜ್ಞಾನಕ್ಕೆಂದೇ ಪೂರ್ಣ ನಿಕಾಯ ತೆರೆಯಿತು. ಒಂದು ವಿಭಾಗವಲ್ಲ, ತನ್ನದೇ ಡೀನ್ ಇರುವ ನಿಕಾಯ. ಜಗತ್ತಿನಲ್ಲಿ ಇಂಥದ್ದು ಬಹಳ ಕಡಿಮೆ. ಭಾರತದಲ್ಲಿ 1966ರಲ್ಲಿ ರಾಂಚಿಯ ಹಟಿಯಾದಲ್ಲಿ, ಯುನೆಸ್ಕೋ ನೆರವಿನೊಂದಿಗೆ, ಫೌಂಡ್ರಿ ಮತ್ತು ಫೋರ್ಜ್ ತಂತ್ರಜ್ಞಾನದ ರಾಷ್ಟ್ರೀಯ ಸಂಸ್ಥೆ ಬಂತು. ಆ ಸಂಸ್ಥೆಯ ಹೆಸರಿನಲ್ಲಿ ಈಗ ಫೌಂಡ್ರಿ ಇಲ್ಲ, ‘ಉನ್ನತ ಉತ್ಪಾದನಾ ತಂತ್ರಜ್ಞಾನ’ ಇದೆ. ಅನೇಕ ದೇಶಗಳಲ್ಲಿ ಹೀಗೇ ಆಗಿದೆ. ಹೊಗೆ, ಮಸಿಯ ನೆನಪು ತರುವ ಹೆಸರಿಗೆ ವಿದ್ಯಾರ್ಥಿಗಳು ಬರುವುದಿಲ್ಲ ಎಂದು ಫಲಕ ಬದಲಾಗುತ್ತದೆ, ಒಳಗಿನ ಕುಲುಮೆ ಅದೇ.

ಮರಳಿನ ಪ್ರಯೋಗಾಲಯ

ಹಸಿ ಮರಳು ಎಂದರೆ ಸಿಲಿಕಾ ಕಣ, ಬೆಂಟೊನೈಟ್ ಜೇಡಿ, ನೀರು, ಮತ್ತು ಬೀಡಿನ ಎರಕಕ್ಕಾದರೆ ಸ್ವಲ್ಪ ಕಲ್ಲಿದ್ದಲ ಪುಡಿ. ನೋಡಲು ಸರಳ. ತೊಡಕಿರುವುದು ಅದನ್ನು ಮತ್ತೆ ಮತ್ತೆ ಬಳಸುವುದರಲ್ಲಿ. ಪ್ರತಿ ಸುರಿತದಲ್ಲೂ ಲೋಹಕ್ಕೆ ತಾಗಿದ ಪದರದ ಜೇಡಿ ಸುಟ್ಟು ಅಂಟುವ ಗುಣ ಕಳೆದುಕೊಳ್ಳುತ್ತದೆ, ಕಲ್ಲಿದ್ದಲು ಬೂದಿಯಾಗುತ್ತದೆ, ಕೋರ್‌ಗಳ ಮರಳು ಬಂದು ಬೆರೆಯುತ್ತದೆ. ನಿನ್ನೆಯ ಮರಳು ಇವತ್ತಿಗೆ ಬೇರೆಯೇ ಮರಳು.

ವಿದ್ಯಾರ್ಥಿ ಮೊದಲು ಕಲಿಯುವುದು ಪ್ರಮಾಣಿತ ಮಾದರಿ ತಯಾರಿಸುವುದನ್ನು. 50.8 ಮಿ.ಮೀ. ವ್ಯಾಸದ ಉಕ್ಕಿನ ಕೊಳವೆಗೆ ಸುಮಾರು 150 ರಿಂದ 170 ಗ್ರಾಂ ಮರಳು ಹಾಕಿ, 6.35 ಕೆ.ಜಿ. ತೂಕವನ್ನು 50.8 ಮಿ.ಮೀ. ಎತ್ತರದಿಂದ ಮೂರು ಸಲ ಬೀಳಿಸಬೇಕು. ಮಾದರಿಯ ಎತ್ತರವೂ 50.8 ಮಿ.ಮೀ. ಬರಬೇಕು, 0.8 ಮಿ.ಮೀ. ಆಚೀಚೆ ನಡೆಯುತ್ತದೆ. ಹೆಚ್ಚು ಕಡಿಮೆಯಾದರೆ ಮಾದರಿಯನ್ನು ಕೆರೆದು ಸರಿ ಮಾಡುವಂತಿಲ್ಲ. ಮರಳಿನ ತೂಕ ಬದಲಿಸಿ ಹೊಸದಾಗಿ ತಯಾರಿಸಬೇಕು. ಅದೇ ಮಾದರಿಯ ಮೂಲಕ 2000 ಘನ ಸೆಂ.ಮೀ. ಗಾಳಿಯನ್ನು 10 ಸೆಂ.ಮೀ. ನೀರಿನ ಒತ್ತಡದಲ್ಲಿ ಹಾಯಿಸಿ, ಹಾಯಲು ಹಿಡಿದ ಸೆಕೆಂಡುಗಳಿಂದ 3007.2ನ್ನು ಭಾಗಿಸಿದರೆ ಅನಿಲ ಪಾರಗಮ್ಯತೆಯ ಸಂಖ್ಯೆ ಸಿಗುತ್ತದೆ. 30 ಸೆಕೆಂಡು ಹಿಡಿದರೆ ಸುಮಾರು 100. ಆಮೇಲೆ ಅದೇ ಮಾದರಿಯನ್ನು ಒತ್ತಿ ಮುರಿದರೆ ಹಸಿ ಬಲ ತಿಳಿಯುತ್ತದೆ.

ಆದರೆ ದಿನನಿತ್ಯದ ನಿಯಂತ್ರಣಕ್ಕೆ ಇವೆರಡಕ್ಕಿಂತ ಉಪಯುಕ್ತವಾದದ್ದು ಅಡಕಗುಣದ ಪರೀಕ್ಷೆ. ಜರಡಿಯಿಂದ ಸಡಿಲವಾಗಿ ಕೊಳವೆಯ ತುಂಬ ಮರಳು ಸುರಿದು, ಮೇಲೆ ಸಮಮಾಡಿ, ಮೂರು ಸಲ ಕುಟ್ಟಿದಾಗ ಎತ್ತರ ಶೇಕಡಾ ಎಷ್ಟು ಕುಸಿಯಿತು ಎಂಬುದು ಅದರ ಅಳತೆ. ಯಂತ್ರದ ಅಚ್ಚುಗಳಿಗೆ ಸಾಮಾನ್ಯವಾಗಿ ಶೇ 35ರಿಂದ 45 ಇರಬೇಕು. ಕಡಿಮೆಯಾದರೆ ಅಂಚು ಉದುರಿ ಎರಕದಲ್ಲಿ ಮರಳು ಸೇರುತ್ತದೆ, ಹೆಚ್ಚಾದರೆ ನೀರು ಹೆಚ್ಚಾಗಿ ಹಬೆಯ ತೂತುಗಳು ಬರುತ್ತವೆ. ನೀರು ಹಬೆಯಾದಾಗ ಸಾವಿರ ಪಟ್ಟಿಗೂ ಮೀರಿ ಹಿಗ್ಗುವುದರಿಂದ ಅರ್ಧ ಶೇಕಡಾ ತೇವದ ವ್ಯತ್ಯಾಸವೂ ಇಲ್ಲಿ ಚಿಕ್ಕದಲ್ಲ.

ಇನ್ನು ಮೆಥಿಲೀನ್ ನೀಲಿಯ ಪರೀಕ್ಷೆ. ಒಣಗಿಸಿದ 5 ಗ್ರಾಂ ಮರಳನ್ನು ಶೇ 2ರ ಪೈರೋಫಾಸ್ಫೇಟ್ ದ್ರಾವಣದಲ್ಲಿ ಕುದಿಸಿ ಜೇಡಿಯನ್ನು ಕಣದಿಂದ ಬಿಡಿಸಬೇಕು. ನೀಲಿ ಬಣ್ಣವನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ, ಪ್ರತಿ ಸಲ ಒಂದು ಹನಿಯನ್ನು ಸೋಸುಕಾಗದದ ಮೇಲೆ ಇಡಬೇಕು. ಜೀವಂತ ಜೇಡಿ ಬಣ್ಣವನ್ನು ಹೀರುತ್ತಲೇ ಇರುತ್ತದೆ. ಅದರ ಹೊಟ್ಟೆ ತುಂಬಿದೊಡನೆ ಕಲೆಯ ಸುತ್ತ ತಿಳಿ ನೀಲಿಯ ವರ್ತುಲ ಮೂಡುತ್ತದೆ. ಸುಟ್ಟ ಜೇಡಿ ಬಣ್ಣ ಹೀರುವುದಿಲ್ಲ. ಇದೇ ಮರಳನ್ನು ತೊಳೆದು ತೂಗಿದಾಗ ಒಟ್ಟು ಜೇಡಿಯಂಥ ಪುಡಿ ಶೇ 11 ಬಂತು, ನೀಲಿ ಪರೀಕ್ಷೆಯಲ್ಲಿ ಕೆಲಸ ಮಾಡುವ ಜೇಡಿ ಶೇ 7 ಬಂತು ಎಂದರೆ ಉಳಿದ ಶೇ 4 ಸತ್ತ ಪುಡಿ. ಈ ಪುಡಿ ಅಂಟುವುದಿಲ್ಲ, ನೀರನ್ನು ಮಾತ್ರ ಕುಡಿಯುತ್ತದೆ. ಹಾಗಾಗಿ ಅದೇ ಅಡಕಗುಣ ತರಲು ತಿಂಗಳಿಂದ ತಿಂಗಳಿಗೆ ಹೆಚ್ಚು ನೀರು ಬೇಕಾಗುತ್ತ ಹೋದರೆ, ನೀರಿನ ನಲ್ಲಿ ತಿರುಗಿಸುವುದು ಪರಿಹಾರವಲ್ಲ. ಹಳೆ ಮರಳು ತೆಗೆದು ಹೊಸದನ್ನು ಸೇರಿಸಬೇಕು, ಧೂಳು ಹೀರುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ನೋಡಬೇಕು. ತೂತು ಬಂದಾಗ ‘ಜೇಡಿ ಕಡಿಮೆಯಾಗಿದೆ’ ಎಂದು ಇನ್ನಷ್ಟು ಬೆಂಟೊನೈಟ್ ಸುರಿಯುವುದು ಈ ಕಸುಬಿನ ಬಹಳ ಸಾಮಾನ್ಯ ತಪ್ಪು.

ಸಿಲಿಕಾದ ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಹರಳಿನ ರಚನೆ ಬದಲಾಗಿ ಕಣ ಥಟ್ಟನೆ ಹಿಗ್ಗುತ್ತದೆ. ಅಚ್ಚಿನ ಮೇಲ್ಪದರ ಹಿಗ್ಗಲು ಜಾಗ ಸಿಗದೆ ಉಬ್ಬಿ ಬಿರಿಯುತ್ತದೆ, ಆ ಬಿರುಕಿನೊಳಗೆ ಲೋಹ ನುಗ್ಗಿ ಎರಕದ ಮೈಮೇಲೆ ಹಕ್ಕಳೆ ಕಟ್ಟುತ್ತದೆ. ಅಗಲವಾದ ಚಪ್ಪಟೆ ಮುಖಗಳಲ್ಲಿ ಈ ದೋಷ ಹೆಚ್ಚು.

ರೈಸರ್: ಒಂದು ಲೆಕ್ಕ

ಚೆಕ್ ಎಂಜಿನಿಯರ್ ನಿಕೋಲಸ್ ಖ್ವೋರಿನೋವ್ 1940ರಲ್ಲಿ ಪ್ರಕಟಿಸಿದ ನಿಯಮ ನಿಮ್ಮ ಪಠ್ಯದಲ್ಲೂ ಇರುತ್ತದೆ: ಎರಕ ಗಟ್ಟಿಯಾಗುವ ಕಾಲ ಅದರ ಘನ ಅಳತೆಯನ್ನು ಮೇಲ್ಮೈಯಿಂದ ಭಾಗಿಸಿದಾಗ ಬರುವ ಸಂಖ್ಯೆಯ, ಅಂದರೆ ಮಾಡ್ಯುಲಸ್‌ನ, ವರ್ಗಕ್ಕೆ ಅನುಪಾತದಲ್ಲಿರುತ್ತದೆ. 100 ಮಿ.ಮೀ. ಘನಾಕೃತಿಯ ಮಾಡ್ಯುಲಸ್ 16.7 ಮಿ.ಮೀ. ಇರುತ್ತದೆ. ಅಷ್ಟೇ ಲೋಹದಿಂದ ಮಾಡಿದ 200×200×25 ಮಿ.ಮೀ. ಹಲಗೆಯದು 10 ಮಿ.ಮೀ. ಮಾತ್ರ. ತೂಕ ಒಂದೇ ಆದರೂ ಘನ ಗಟ್ಟಿಯಾಗಲು ಸುಮಾರು 2.8 ಪಟ್ಟು ಹೊತ್ತು ಹಿಡಿಯುತ್ತದೆ.

ಪರೀಕ್ಷೆಯಲ್ಲಿ ಇಲ್ಲಿಗೆ ಮುಗಿಯುತ್ತದೆ. ಫೌಂಡ್ರಿ ವಿಭಾಗದಲ್ಲಿ ಇಲ್ಲಿಂದ ಶುರು. ಆ ಹಲಗೆಯನ್ನು ಉಕ್ಕಿನಲ್ಲಿ ಎರೆಯಬೇಕು ಎನ್ನೋಣ. ರೈಸರ್ ಎರಕಕ್ಕಿಂತ ತಡವಾಗಿ ಗಟ್ಟಿಯಾಗಬೇಕು, ಆದ್ದರಿಂದ ಮಾಡ್ಯುಲಸ್ 1.2 ಪಟ್ಟು, ಅಂದರೆ 12 ಮಿ.ಮೀ. ಇರಬೇಕು. ವ್ಯಾಸವೂ ಎತ್ತರವೂ ಸಮನಾದ ಉರುಳೆಯ ಮಾಡ್ಯುಲಸ್ ವ್ಯಾಸದ ಆರನೇ ಒಂದು ಭಾಗ, ಹಾಗಾಗಿ 72 ಮಿ.ಮೀ. ರೈಸರ್ ಸಾಕು ಅನ್ನಿಸುತ್ತದೆ. ಸಾಲದು. ಉಕ್ಕು ದ್ರವದಿಂದ ಘನವಾಗುವಷ್ಟರಲ್ಲಿ ಒಟ್ಟು ಸುಮಾರು ಶೇ 5 ಕುಗ್ಗುತ್ತದೆ ಎಂದು ಹಿಡಿಯಿರಿ. ಸಾಧಾರಣ ಮರಳಿನ ಉರುಳೆ ರೈಸರ್ ತನ್ನ ಗಾತ್ರದ ಶೇ 14ರಷ್ಟನ್ನು ಮಾತ್ರ ಬಿಟ್ಟುಕೊಡುತ್ತದೆ, ಮಿಕ್ಕದ್ದು ಅದರೊಳಗೇ ಹೆಪ್ಪುಗಟ್ಟುತ್ತದೆ. ರೈಸರ್ ತನ್ನ ಸ್ವಂತ ಕುಗ್ಗುವಿಕೆಯನ್ನೂ ತಾನೇ ತುಂಬಿಕೊಳ್ಳಬೇಕಾದ್ದರಿಂದ ನಿಜವಾಗಿ ಎರಕಕ್ಕೆ ಸಿಗುವುದು 14ರಲ್ಲಿ 5 ಕಳೆದು ಶೇ 9. ಹಲಗೆ 10 ಲಕ್ಷ ಘನ ಮಿ.ಮೀ., ಅದಕ್ಕೆ ಬೇಕಾದ್ದು 50,000. ಅದನ್ನು 0.09ರಿಂದ ಭಾಗಿಸಿದರೆ ರೈಸರ್ ಸುಮಾರು 5.55 ಲಕ್ಷ ಘನ ಮಿ.ಮೀ. ಇರಬೇಕು. 72 ಮಿ.ಮೀ. ಉರುಳೆಯಲ್ಲಿರುವುದು 2.93 ಲಕ್ಷ ಮಾತ್ರ. ಅದು ಕೊನೆಗೆ ಗಟ್ಟಿಯಾಗುತ್ತದೆ ನಿಜ, ಆದರೆ ಅಷ್ಟರೊಳಗೆ ಬರಿದಾಗಿ, ಕುಳಿ ಎರಕದೊಳಕ್ಕೆ ಇಳಿದಿರುತ್ತದೆ. 80 ಮಿ.ಮೀ. ವ್ಯಾಸ, 120 ಮಿ.ಮೀ. ಎತ್ತರದ ರೈಸರ್ ಇಟ್ಟರೆ 6.03 ಲಕ್ಷ ಆಗುತ್ತದೆ, ಮಾಡ್ಯುಲಸ್ 15 ಮಿ.ಮೀ. ಬರುತ್ತದೆ. ಎರಡೂ ಷರತ್ತು ಮುಗಿದವು.

ಮೂರನೆಯದು ಉಳಿದಿದೆ: ದೂರ. ಉಕ್ಕಿನ ಹಲಗೆಯಲ್ಲಿ ರೈಸರ್‌ನ ಅಂಚಿನಿಂದ ದಪ್ಪದ ಸುಮಾರು 4.5 ಪಟ್ಟು ದೂರದವರೆಗೆ ಮಾತ್ರ ಲೋಹ ತಲುಪುತ್ತದೆ ಎಂದು ಅಮೆರಿಕದ ನೌಕಾ ಸಂಶೋಧನಾಲಯದಲ್ಲಿ ಪೆಲ್ಲಿನಿ ಮತ್ತು ಸಂಗಡಿಗರು ತೋರಿಸಿದರು. 25 ಮಿ.ಮೀ. ದಪ್ಪಕ್ಕೆ ಇದು 112 ಮಿ.ಮೀ. ಆಗುತ್ತದೆ. ರೈಸರನ್ನು ಹಲಗೆಯ ಒಂದು ಬದಿಗೆ ಇಟ್ಟರೆ ಎದುರು ಬದಿ 200 ಮಿ.ಮೀ. ಆಚೆ ಇರುತ್ತದೆ, ನಡುಗೆರೆಯುದ್ದಕ್ಕೂ ಸಣ್ಣ ಸಣ್ಣ ರಂಧ್ರ ಬಿಡುವುದು ಖಚಿತ. ನಡುವೆ ಮೇಲೆ ಇಟ್ಟರೆ ಅತಿ ದೂರದ ಮೂಲೆ ರೈಸರ್ ಅಂಚಿನಿಂದ 101 ಮಿ.ಮೀ., ಅಂದರೆ ಮಿತಿಯೊಳಗೆ. ಬದಿಯಲ್ಲೇ ಇಡಬೇಕಾದ ಅನಿವಾರ್ಯತೆ ಇದ್ದರೆ ಎದುರು ತುದಿಗೆ ಲೋಹದ ಚಿಲ್, ಅಂದರೆ ಶಾಖವನ್ನು ಬೇಗ ಹೀರುವ ತುಂಡು, ಕೂರಿಸಬೇಕು, ಅದೂ ಸಾಲದಿದ್ದರೆ ಎರಡನೇ ರೈಸರ್.

ಬೂದು ಬೀಡಿಗೆ ಈ ಲೆಕ್ಕವನ್ನು ಹಾಗೇ ಹಚ್ಚಿದರೆ ಲೋಹ ಸುಮ್ಮನೆ ಪೋಲು. ಅದು ಗಟ್ಟಿಯಾಗುವಾಗ ಗ್ರಾಫೈಟ್ ಬೇರ್ಪಟ್ಟು ಹಿಗ್ಗುತ್ತದೆ, ಆ ಹಿಗ್ಗುವಿಕೆ ತನ್ನ ಕುಗ್ಗುವಿಕೆಯ ಬಹುಭಾಗವನ್ನು ತಾನೇ ತುಂಬುತ್ತದೆ. ಆದರೆ ಅಚ್ಚು ಗಟ್ಟಿಯಾಗಿರಬೇಕು. ಮರಳು ಸಡಿಲವಿದ್ದರೆ ಹಿಗ್ಗುವಿಕೆ ಅಚ್ಚಿನ ಗೋಡೆಯನ್ನು ಹೊರಕ್ಕೆ ತಳ್ಳಿ ವ್ಯರ್ಥವಾಗುತ್ತದೆ, ಎರಕ ದಪ್ಪವಾಗುತ್ತದೆ, ಒಳಗೆ ರಂಧ್ರ ಉಳಿಯುತ್ತದೆ. ರಂಧ್ರ ಕಂಡವರು ರೈಸರ್ ದೊಡ್ಡದು ಮಾಡುತ್ತಾರೆ, ತಪ್ಪಿರುವುದು ಮರಳು ಕುಟ್ಟುವ ಯಂತ್ರದಲ್ಲಿ. ಮರಳಿನ ಮೇಜು, ರೈಸರಿನ ಮೇಜು ಬೇರೆ ಬೇರೆ ಕಟ್ಟಡದಲ್ಲಿದ್ದರೆ ಇಂಥದ್ದು ಸಿಕ್ಕಿಬೀಳುವುದಿಲ್ಲ.

ಸುರಿಯುವ ದಾರಿ

ಇಲ್ಲಿ ನೆನಪಿಡಬೇಕಾದ ಸಂಖ್ಯೆ ಒಂದೇ: ಸೆಕೆಂಡಿಗೆ ಅರ್ಧ ಮೀಟರ್. ಗೇಟಿನಿಂದ ಅಚ್ಚಿನೊಳಕ್ಕೆ ಲೋಹ ಇದಕ್ಕಿಂತ ವೇಗವಾಗಿ ನುಗ್ಗಿದರೆ ಮೇಲ್ಮೈ ಮಡಚಿಕೊಂಡು ಆಕ್ಸೈಡ್ ಪೊರೆಗಳು ಒಳಗೆ ಸೇರುತ್ತವೆ ಎಂಬುದನ್ನು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಬೆಲ್ ಮತ್ತೆ ಮತ್ತೆ ಒತ್ತಿ ಹೇಳಿದರು. ಲೋಹ ಕೇವಲ 12.7 ಮಿ.ಮೀ. ಬಿದ್ದರೆ ಸಾಕು, ಈ ವೇಗ ಮುಟ್ಟುತ್ತದೆ. 200 ಮಿ.ಮೀ. ಸ್ಪ್ರೂ, ಅಂದರೆ ಲೋಹ ಕೆಳಗಿಳಿಯುವ ಲಂಬ ದಾರಿ, ಇಳಿದಾಗ ಸೆಕೆಂಡಿಗೆ ಸುಮಾರು 2 ಮೀಟರ್. ಅಂದರೆ ಸ್ಪ್ರೂನಲ್ಲಿ ವೇಗ ಮೀರದಂತೆ ನೋಡಿಕೊಳ್ಳುವುದು ಅಸಾಧ್ಯ. ಅಲ್ಲಿ ಗಾಳಿ ಸೇರದಂತೆ ನೋಡಿಕೊಂಡು, ಅಲ್ಲಿಂದ ಗೇಟಿಗೆ ಹೋಗುವ ರನ್ನರಿನಲ್ಲಿ ಫಿಲ್ಟರ್ ಇಟ್ಟು ನಿಧಾನಿಸಿ, ಗೇಟನ್ನು ಅಗಲವಾಗಿಸಿ, ತಳದಿಂದ ತುಂಬಿಸಬೇಕು.

ಗಾಳಿ ಸೇರದಿರಲು ಸ್ಪ್ರೂ ಕೆಳಕ್ಕೆ ಕಿರಿದಾಗಬೇಕು. ಸುರಿಬಟ್ಟಲಿನಲ್ಲಿ ಲೋಹ 50 ಮಿ.ಮೀ. ಆಳ ನಿಂತಿದ್ದು, ಬಟ್ಟಲ ಮಟ್ಟದಿಂದ ಸ್ಪ್ರೂ ತಳಕ್ಕೆ 200 ಮಿ.ಮೀ. ಇದ್ದರೆ, ಮೇಲಿನ ಬಾಯಿಯ ಕ್ಷೇತ್ರಫಲ ಕೆಳಗಿನದರ ಎರಡು ಪಟ್ಟು ಇರಬೇಕು, ಏಕೆಂದರೆ 200ನ್ನು 50ರಿಂದ ಭಾಗಿಸಿದ 4ರ ವರ್ಗಮೂಲ 2. 20 ಕೆ.ಜಿ. ಬೀಡನ್ನು 8 ಸೆಕೆಂಡಿನಲ್ಲಿ ತುಂಬಿಸಲು, ದ್ರವ ಸಾಂದ್ರತೆ ಘನ ಮೀಟರಿಗೆ 7000 ಕೆ.ಜಿ., ನಷ್ಟದ ಗುಣಾಂಕ 0.8 ಎಂದು ಹಿಡಿದರೆ ತಳದಲ್ಲಿ 225 ಚದರ ಮಿ.ಮೀ., ಅಂದರೆ 17 ಮಿ.ಮೀ. ವ್ಯಾಸ ಬೇಕು. ವರ್ಕ್‌ಶಾಪ್‌ಗಳಲ್ಲಿ ನೇರ ಕೊಳವೆ ಚುಚ್ಚಿ ಸ್ಪ್ರೂ ಮಾಡುವ ಪದ್ಧತಿ ಇದೆ. ಅದು ಸುಲಭ, ಮತ್ತು ಪ್ರತಿ ಸಲವೂ ಗಾಳಿ ಹೀರುತ್ತದೆ.

ಕುಲುಮೆಯ ಬದಿ

ಬೀಡುಕಬ್ಬಿಣದಲ್ಲಿ ಇಂಗಾಲದ ಸಮಾನಾಂಕವನ್ನು, ಅಂದರೆ ಇಂಗಾಲ ಮತ್ತು ಸಿಲಿಕಾನ್, ರಂಜಕಗಳ ಮೊತ್ತದ ಮೂರನೇ ಒಂದು ಭಾಗ ಸೇರಿದ ಸಂಖ್ಯೆಯನ್ನು, ಸುರಿಯುವ ಮೊದಲೇ ತಿಳಿಯಬೇಕು. ಟೆಲ್ಲೂರಿಯಂ ಸವರಿದ ಪುಟ್ಟ ಮರಳಿನ ಬಟ್ಟಲಿಗೆ ಲೋಹ ಹೊಯ್ದು, ನಡುವಿನ ತಾಪ ಅಳೆಯುವ ಥರ್ಮೋಕಪಲ್‌ನಿಂದ ತಣ್ಣಗಾಗುವ ರೇಖೆ ಎಳೆದರೆ ಎರಡು ಕಡೆ ತಾಪ ತಡೆದು ನಿಲ್ಲುತ್ತದೆ. ಆ ಎರಡು ನಿಲುಗಡೆಗಳಿಂದ ಕೆಲವೇ ನಿಮಿಷಗಳಲ್ಲಿ ಇಂಗಾಲ, ಸಿಲಿಕಾನ್ ಲೆಕ್ಕ ಸಿಗುತ್ತದೆ. ಟೆಲ್ಲೂರಿಯಂ ಇಲ್ಲದ ಬಟ್ಟಲು ಬೇರೆ ವಿಷಯ ಹೇಳುತ್ತದೆ: ಗ್ರಾಫೈಟ್ ಮೊಳೆಯಲು ಲೋಹ ಎಷ್ಟು ಒಲ್ಲೆನ್ನುತ್ತಿದೆ, ಅದು ಮೊಳೆಯಲೆಂದು ಮಾಡುವ ಬೆರಕೆ, ಅಂದರೆ ಇನಾಕ್ಯುಲೇಷನ್, ಹಿಡಿದಿದೆಯೇ ಎಂಬುದನ್ನು.

ಗೋಳ ಗ್ರಾಫೈಟ್ ಬೀಡಿನ ಇತಿಹಾಸ ಸ್ವಾರಸ್ಯದ್ದು. 1943ರಲ್ಲಿ, ಯುದ್ಧದಿಂದ ಕ್ರೋಮಿಯಂ ಅಭಾವವಿದ್ದಾಗ, ಅದಕ್ಕೆ ಬದಲಿ ಹುಡುಕುತ್ತಿದ್ದ ಅಮೆರಿಕದ ಕೀತ್ ಮಿಲ್ಲಿಸ್ ಮೆಗ್ನೀಸಿಯಂ ಸೇರಿಸಿ ನೋಡಿದರು, ಗ್ರಾಫೈಟ್ ಗೋಳವಾಯಿತು. ಅತ್ತ ಬ್ರಿಟನ್ನಿನಲ್ಲಿ ಹೆಂಟನ್ ಮೊರೋ ಸೀರಿಯಂನಿಂದ ಅದೇ ಫಲ ಪಡೆದಿದ್ದರು. 1948ರಲ್ಲಿ ಎರಡೂ ಹೊರಬಂದವು, 1949ರಲ್ಲಿ ಮೆಗ್ನೀಸಿಯಂ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ವಿಧಾನ ಗೊತ್ತಾದರೂ ಅದನ್ನು ಲೋಹ ಒಯ್ದು ಸುರಿಯುವ ಪ್ರತಿ ಲ್ಯಾಡಲ್‌ನಲ್ಲೂ ಸರಿಯಾಗಿ ಮಾಡುವುದು ಇವತ್ತಿಗೂ ಲೆಕ್ಕದ ಕೆಲಸ. ಮೆಗ್ನೀಸಿಯಂ ಸುಮಾರು 1090 ಡಿಗ್ರಿಯಲ್ಲೇ ಕುದಿಯುತ್ತದೆ, ಬೀಡು ಇರುವುದು 1450ರ ಆಸುಪಾಸಿನಲ್ಲಿ. ಅರ್ಧದಷ್ಟು ಹೊಗೆಯಾಗಿ ಹೋಗುತ್ತದೆ. 500 ಕೆ.ಜಿ. ಲೋಹದಲ್ಲಿ ಗಂಧಕ ಶೇ 0.015 ಇದ್ದರೆ ಅದನ್ನು ಕಟ್ಟಿಹಾಕಲು 0.76ರಿಂದ ಗುಣಿಸಿ ಶೇ 0.011 ಮೆಗ್ನೀಸಿಯಂ, ಕೊನೆಗೆ ಉಳಿಯಬೇಕಾದ್ದು ಶೇ 0.04, ಒಟ್ಟು 0.051. ಅರ್ಧ ಮಾತ್ರ ದಕ್ಕುವುದರಿಂದ 0.103. ಶೇ 6 ಮೆಗ್ನೀಸಿಯಂ ಇರುವ ಫೆರೋಸಿಲಿಕಾನ್ ಆದರೆ ಸುಮಾರು 8.6 ಕೆ.ಜಿ. ಬೇಕು. ಇದನ್ನು ಲ್ಯಾಡಲ್ ತಳದ ಗುಳಿಯಲ್ಲಿಟ್ಟು, ಉಕ್ಕಿನ ಚೂರುಗಳಿಂದ ಮುಚ್ಚಿ, ಲೋಹದ ಧಾರೆ ನೇರ ಅದರ ಮೇಲೆ ಬೀಳದಂತೆ ಸುರಿಯಬೇಕು.

ಆಮೇಲೆ ಗಡಿಯಾರ ಓಡುತ್ತದೆ. ಹತ್ತು ಹನ್ನೆರಡು ನಿಮಿಷದೊಳಗೆ ಕೊನೆಯ ಅಚ್ಚು ತುಂಬದಿದ್ದರೆ ಮೆಗ್ನೀಸಿಯಂ ಇಳಿದು, ಇನಾಕ್ಯುಲೇಷನ್ ಮಸುಕಾಗಿ, ಗೋಳಗಳು ಹುಳುವಿನಂತೆ ಉದ್ದವಾಗುತ್ತವೆ. ಆದ್ದರಿಂದ ಮಾದರಿ ತುಂಡನ್ನು ಲ್ಯಾಡಲ್‌ನ ಕೊನೆಯ ಲೋಹದಿಂದ ತೆಗೆಯಬೇಕು. ಮೊದಲ ಲೋಹದಿಂದ ತೆಗೆದ ತುಂಡು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಅಲ್ಯೂಮಿನಿಯಂನಲ್ಲಿ ಶತ್ರು ಹೈಡ್ರೋಜನ್. ದ್ರವದಲ್ಲಿ ಕರಗುವಷ್ಟರ ಇಪ್ಪತ್ತನೇ ಒಂದು ಭಾಗ ಮಾತ್ರ ಘನದಲ್ಲಿ ಕರಗುತ್ತದೆ, ಮಿಕ್ಕದ್ದು ಗುಳ್ಳೆ. ಒಂದು ಮಾದರಿಯನ್ನು ಸಾಮಾನ್ಯ ಗಾಳಿಯಲ್ಲಿ, ಇನ್ನೊಂದನ್ನು ಸುಮಾರು 80 ಮಿಲಿಬಾರ್ ಒತ್ತಡದಲ್ಲಿ ಗಟ್ಟಿಯಾಗಿಸಿ ಎರಡರ ಸಾಂದ್ರತೆ ಹೋಲಿಸುತ್ತಾರೆ. 2.65 ಮತ್ತು 2.50 ಬಂದರೆ ವ್ಯತ್ಯಾಸ ಶೇ 5.7, ಅದು ಕೆಟ್ಟ ಲೋಹ. ಆದರೆ ಈ ಪರೀಕ್ಷೆ ಹೈಡ್ರೋಜನ್ನನ್ನು ಮಾತ್ರ ಅಳೆಯುವುದಿಲ್ಲ. ಮಡಚಿದ ಆಕ್ಸೈಡ್ ಪೊರೆಗಳಿದ್ದರೂ ಅವು ಕಡಿಮೆ ಒತ್ತಡದಲ್ಲಿ ಬಿಚ್ಚಿಕೊಂಡು ರಂಧ್ರ ತೋರಿಸುತ್ತವೆ. ಆರ್ಗಾನ್ ಹಾಯಿಸಿದ ಮೇಲೂ ಸಂಖ್ಯೆ ಇಳಿಯದಿದ್ದರೆ ಕುಲುಮೆಯ ತಳದ ಕೆಸರನ್ನೂ, ಲೋಹ ವರ್ಗಾಯಿಸುವ ಎತ್ತರವನ್ನೂ ನೋಡಬೇಕು.

ತೂತನ್ನು ಓದುವುದು

ಮೊದಲು ಕೇಳಿದ ತೂತಿಗೆ ಬರೋಣ. ಒಳಗೋಡೆ ನುಣುಪಾಗಿ, ಹೊಳೆಯುತ್ತ, ಕೋರ್‌ಗೆ ಹತ್ತಿರ ಅಥವಾ ಮೇಲ್ಭಾಗದಲ್ಲಿದ್ದರೆ ಅದು ಹೊರಗಿನಿಂದ ನುಗ್ಗಿದ ಅನಿಲ. ಕೋರ್‌ನ ಗಾಳಿದಾರಿ ತೆರೆದಿದೆಯೇ, ರಾಳ ಹೆಚ್ಚಾಯಿತೇ ನೋಡಿ. ಗೋಡೆ ಒರಟಾಗಿ, ಸೂಕ್ಷ್ಮದರ್ಶಕದಲ್ಲಿ ಪುಟ್ಟ ಪುಟ್ಟ ಮರದಂಥ ಹರಳುಗಳು ಕಂಡು, ದಪ್ಪ ಭಾಗದಲ್ಲಿದ್ದರೆ ಕುಗ್ಗುವಿಕೆ. ಬೀಡಿನಲ್ಲಿ ಮೇಲ್ಮೈಗೆ ಸ್ವಲ್ಪ ಕೆಳಗೆ ಬಿರುಕಿನಾಕಾರದ ರಂಧ್ರಗಳಿದ್ದರೆ ಸಾರಜನಕವನ್ನು ಶಂಕಿಸಬೇಕು. ಅದು ಕೋರ್ ರಾಳದಿಂದಲೋ, ಉಕ್ಕಿನ ಗುಜರಿ ಹೆಚ್ಚು ಹಾಕಿ ಸಾರಜನಕವಿರುವ ಇಂಗಾಲದ ಪುಡಿ ಬಳಸಿದ್ದರಿಂದಲೋ ಬಂದಿರುತ್ತದೆ. ತುಸು ಟೈಟಾನಿಯಂ ಅದನ್ನು ಕಟ್ಟಿಹಾಕುತ್ತದೆ. ರಂಧ್ರದೊಳಗೆ ಕಿಟ್ಟದ ಚೂರು ಸಿಕ್ಕು, ಅದರಲ್ಲಿ ಮ್ಯಾಂಗನೀಸ್ ಸಲ್ಫೈಡ್ ಇದ್ದರೆ ಲೋಹ ತಣ್ಣಗಾಗಿ ಸುರಿದಿದ್ದಾರೆ ಎಂದರ್ಥ. ಫೋಟೊ ನೋಡಿ ತೀರ್ಪು ಹೇಳುವುದು ಹುಂಬತನ. ಕೊಯ್ದು, ಉಜ್ಜಿ, ಆ ದಿನದ ಮರಳಿನ ದಾಖಲೆ, ಸುರಿದ ತಾಪ, ಸುರಿದ ಹೊತ್ತು ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ವಿಭಾಗಗಳು ಕೈಗಾರಿಕೆಗಳಿಗೆ ಮಾಡಿಕೊಡುವ ಕೆಲಸದ ಬಹುಪಾಲು ಇದೇ. ದಾಖಲೆ ಇಲ್ಲದ ಎರಕ ಬಂದರೆ ಅರ್ಧ ಕೆಲಸ ಊಹೆಯಾಗಿಬಿಡುತ್ತದೆ.

ಸಿಮ್ಯುಲೇಷನ್ ಬಂದ ಮೇಲೆ

1965ರಲ್ಲೇ ಅಮೆರಿಕದ ಹೆನ್ಜೆಲ್ ಮತ್ತು ಕೆವೆರಿಯನ್ ಉಕ್ಕಿನ ಎರಕ ಗಟ್ಟಿಯಾಗುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. 1982ರಲ್ಲಿ ಜಪಾನಿನ ನಿಯಾಮಾ, ತಾಪದ ಇಳುಕಲನ್ನು ತಣ್ಣಗಾಗುವ ವೇಗದ ವರ್ಗಮೂಲದಿಂದ ಭಾಗಿಸಿ ಕುಗ್ಗುವಿಕೆಯ ರಂಧ್ರ ಎಲ್ಲಿ ಬರುತ್ತದೆಂದು ಹೇಳುವ ಸೂತ್ರ ಕೊಟ್ಟರು. ಇವತ್ತಿನ ಪ್ಯಾಕೇಜುಗಳಲ್ಲಿ ಅದೊಂದು ಗುಂಡಿ. ಆದರೆ ಆ ಸೂತ್ರ ಉಕ್ಕಿನದು. ಹಿಗ್ಗುವ ಬೂದು ಬೀಡಿಗೆ ಅದನ್ನು ಒತ್ತಿದರೆ ಚೆಂದದ ಬಣ್ಣದ ಚಿತ್ರ ಬರುತ್ತದೆ, ಅರ್ಥ ಇರುವುದಿಲ್ಲ. ತಂತ್ರಾಂಶಕ್ಕೆ ಅಚ್ಚು ಮತ್ತು ಲೋಹದ ನಡುವಿನ ಶಾಖವರ್ಗಾವಣೆಯ ಗುಣಾಂಕ ಬೇಕು, ಆ ಮರಳಿನ ಉಷ್ಣವಾಹಕತೆ ಬೇಕು, ರಾಳದಿಂದ ಯಾವ ತಾಪದಲ್ಲಿ ಎಷ್ಟು ಅನಿಲ ಹೊಮ್ಮುತ್ತದೆ ಎಂಬುದು ಬೇಕು. ಇವನ್ನು ಯಾರೋ ಒಬ್ಬರು ಥರ್ಮೋಕಪಲ್ ಹೂತು, ಲೋಹ ಸುರಿದು ಅಳೆದೇ ಕೊಡಬೇಕು. ವಿಭಾಗಗಳ ಈಗಿನ ಸಂಶೋಧನೆಯ ದೊಡ್ಡ ಪಾಲು ಇದು. ಇನ್ನೊಂದು ಪಾಲು ಮರಳಿನ ಮರುಬಳಕೆ, ಬೆಂಜೀನ್‌ನಂಥ ಹೊಗೆ ಕಡಿಮೆ ಮಾಡುವ ನಿರವಯವ ಅಂಟುಗಳು, ಮುದ್ರಿಸಿದ ಮರಳಿನ ಅಚ್ಚುಗಳು. ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯೂ ಇದೇ ವಿಷಯದ ಭಾಗವಾಗಿಯೇ ಪಾಠದಲ್ಲಿ ಬರುತ್ತದೆ, ಬರಬೇಕು.

ನಿಮ್ಮ ಕಾಲೇಜಿನಲ್ಲಿ ಪ್ರತ್ಯೇಕ ವಿಭಾಗ ಇಲ್ಲದಿದ್ದರೂ ಈ ರೀತಿಯಲ್ಲಿ ಒಂದು ಪ್ರಯೋಗ ಮಾಡಬಹುದು. ಮೇಲೆ ಹೇಳಿದ ಹಲಗೆಯನ್ನೇ, ಅರ್ಧ ಅಳತೆಯಲ್ಲಿ, ಅಲ್ಯೂಮಿನಿಯಂ ಸಿಲಿಕಾನ್ ಮಿಶ್ರಲೋಹದಿಂದ ಎರೆಯಿರಿ. ಒಂದೇ ಲೋಹ, ಒಂದೇ ಮರಳು, 720 ಡಿಗ್ರಿಯ ಸುರಿತ, ರೈಸರ್ ಇಡುವ ಜಾಗ ಮಾತ್ರ ಬೇರೆ: ಒಂದರಲ್ಲಿ ಬದಿಗೆ, ಒಂದರಲ್ಲಿ ನಡುವೆ, ಒಂದರಲ್ಲಿ ಬದಿಗೆ ಇಟ್ಟು ಎದುರು ತುದಿಗೆ ಚಿಲ್. ಸುರಿಯುವ ಮುನ್ನ ಮರಳಿನ ಅಡಕಗುಣ, ತೇವ ಬರೆದಿಡಿ. ಮೂಸೆ, ಇಕ್ಕಳ, ಸಟ್ಟುಗದಲ್ಲಿ ಒಂದು ಹನಿ ತೇವವೂ ಇರದಂತೆ ಮೊದಲೇ ಕಾಯಿಸಿಕೊಳ್ಳಿ. ಕರಗಿದ ಲೋಹದಡಿ ಸಿಕ್ಕ ನೀರು ಸಿಡಿಯುತ್ತದೆ, ಕಾಂಕ್ರೀಟ್ ನೆಲದ ಮೇಲೆ ಲೋಹ ಚೆಲ್ಲಿದರೂ ಹಾಗೇ, ಆದ್ದರಿಂದ ಒಣ ಮರಳು ಹರಡಿದ ನೆಲದ ಮೇಲೇ ಕೆಲಸ ನಡೆಯಲಿ. ಮೂರೂ ಹಲಗೆಗಳನ್ನು ನಡುವೆ ಉದ್ದಕ್ಕೆ ಕೊಯ್ದು, ಉಜ್ಜಿ, ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯ ಸಾಂದ್ರತೆಯನ್ನು ನೀರಿನಲ್ಲಿ ತೂಗಿ ಅಳೆಯಿರಿ. ರೈಸರ್‌ನಿಂದ ಇರುವ ದೂರವನ್ನು ಅಡ್ಡಕ್ಕೂ ಸಾಂದ್ರತೆಯನ್ನು ಉದ್ದಕ್ಕೂ ಹಾಕಿ ಮೂರು ರೇಖೆ ಎಳೆಯಿರಿ. ಅಲ್ಯೂಮಿನಿಯಂನಲ್ಲಿ ಹೈಡ್ರೋಜನ್ ಹೆಚ್ಚಿದ್ದರೆ ಮೂರೂ ರೇಖೆ ಒಂದೇ ಸಮ ಕೆಳಗಿಳಿದು ರೈಸರ್‌ನ ವ್ಯತ್ಯಾಸವೇ ಕಾಣದೆ ಹೋಗಬಹುದು. ಹಾಗಾದರೆ ಲೋಹದ ಅನಿಲ ತೆಗೆದು ಮತ್ತೆ ಎರೆಯಬೇಕು.